ದಮ್ಮಿನ ಗುಳಗಿಯ ಲೆಕ್ಕ

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಬಿಚ್ಚಿದರೆ ಗಟ್ಟಿ ಎದೆಯವರೇ ಕೆಮ್ಮುತ್ತಾರೆ, ಉಬ್ಬಸದವರ ಪಾಡು ಕೇಳಬೇಡಿ. ಔಷಧದ ಅಂಗಡಿಗೆ ಬಂದವರ ಮಾತು ಮಾತ್ರ ಒಂದೇ: “ಗುಳಗಿ ಕೊಡ್ರಿ, ಪಂಪ್ ಬ್ಯಾಡ. ಅದರ ಚಟ ಹತ್ತತೈತಿ.” ಪಂಪ್ ಅಂದರೆ ಬಾಯಿಗಿಟ್ಟು ಎಳೆಯುವ ಇನ್‌ಹೇಲರ್.

ಚಟದ ಮಾತು ಸುಳ್ಳು. ಎರಡರಲ್ಲೂ ಸಾಮಾನ್ಯವಾಗಿ ಇರುವುದು ಅದೇ ಸಾಲ್ಬುಟಮಾಲ್. ಪಂಪ್ ಒಮ್ಮೆ ಒತ್ತಿದರೆ 100 ಮೈಕ್ರೋಗ್ರಾಂ. ದೊಡ್ಡ ಗುಳಗಿ 4 ಮಿಲಿಗ್ರಾಂ, ಎಂದರೆ 4000 ಮೈಕ್ರೋಗ್ರಾಂ. ಅಂದರೆ 40 ಸಲ ಒತ್ತಿದಷ್ಟು! ಪಂಪಿನ ಔಷಧ ಐದು ನಿಮಿಷದೊಳಗೆ ಶ್ವಾಸನಾಳ ಸಡಿಲಿಸುತ್ತದೆ. ಗುಳಗಿ ಹೊಟ್ಟೆಯಿಂದ ರಕ್ತಕ್ಕೆ ಇಳಿದು ಮೈಯೆಲ್ಲ ಸುತ್ತಿ ಬರಬೇಕು, ಅರ್ಧ ತಾಸು ಹಿಡಿಯುತ್ತದೆ. ದಾರಿಯಲ್ಲಿ ಕೈಯ ಸ್ನಾಯುವನ್ನೂ ಹೃದಯವನ್ನೂ ಕೆಣಕುತ್ತದೆ. ಗುಳಗಿ ನುಂಗಿದವರ ಕೈಗೆ ಚಹಾ ಕೊಟ್ಟು ನೋಡಿ, ಬಸಿಯ ಮೇಲೆ ಕಪ್ಪು ಕಟಕಟ ಅನ್ನುತ್ತದೆ.

ಮಕ್ಕಳ ಸಾಲ್ಬುಟಮಾಲ್ ಸಿರಪ್ಪಿನಲ್ಲಿ ಸಾಮಾನ್ಯವಾಗಿ 5 ಮಿಲೀಗೆ 2 ಮಿಲಿಗ್ರಾಂ. ಅಡುಗೆಮನೆಯ ಸ್ಟೀಲ್ ಚಮಚ ಒಂದೊಂದು ಒಂದೊಂದು ಅಳತೆ. ಬಾಟಲಿಯ ಜೊತೆ ಬಂದ ಮುಚ್ಚಳದಲ್ಲೇ ಅಳೆಯಿರಿ. ಕೆಮ್ಮಿನ ಎಷ್ಟೋ ಸಿರಪ್ಪುಗಳಲ್ಲಿ ಟರ್ಬುಟಲಿನ್ ಸೇರಿರುತ್ತದೆ. ಅದೂ ಇದೇ ಜಾತಿಯದು, ಎರಡನ್ನೂ ಕುಡಿಸಿದರೆ ಪ್ರಮಾಣ ಏರುತ್ತದೆ.

ಉಬ್ಬಸಕ್ಕೇ ಕೊಡುವ ಥಿಯೋಫಿಲಿನ್ ಇನ್ನೂ ಹುಷಾರಿನ ಔಷಧ. ಡೆರಿಫಿಲಿನ್ ಗುಳಗಿಯಲ್ಲಿ ಎಟೊಫಿಲಿನ್ ಜೊತೆ ಇದೂ ಇರುತ್ತದೆ. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಉರಿಮೂತ್ರಕ್ಕೆಂದು ಸಿಪ್ರೊಫ್ಲಾಕ್ಸಸಿನ್ ತೆಗೆದುಕೊಂಡರೆ ಯಕೃತ್ತು ಇದನ್ನು ಹೊರಹಾಕುವುದು ನಿಧಾನವಾಗಿ, ರಕ್ತದಲ್ಲಿ ಮಟ್ಟ ಏರುತ್ತದೆ: ವಾಂತಿ, ನಿದ್ದೆಗೇಡು, ಎದೆಬಡಿತ, ವಿಪರೀತಕ್ಕೆ ಹೋದರೆ ಫಿಟ್ಸ್. ಬೀಡಿ ಬಿಟ್ಟಾಗಲೂ ಮಟ್ಟ ಏರುತ್ತದೆ, ಏಕೆಂದರೆ ಹೊಗೆ ಅದನ್ನು ಬೇಗ ಕರಗಿಸುತ್ತಿತ್ತು. ಬೀಡಿ ಬಿಡಬೇಡಿ ಎಂದಲ್ಲ, ವೈದ್ಯರಿಗೆ ಹೇಳಿ, ಪ್ರಮಾಣ ಇಳಿಸುತ್ತಾರೆ. ನಿಧಾನವಾಗಿ ಕರಗುವ ‘ರಿಟಾರ್ಡ್’ ಗುಳಗಿಯನ್ನು ಕುಟ್ಟಿ ಪುಡಿ ಮಾಡಿದರೆ ಇಡೀ ಹೊತ್ತಿನ ಔಷಧ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ.

ಇವೆಲ್ಲ ಬಿಗಿದ ಸ್ನಾಯುವನ್ನು ಸಡಿಲಿಸುತ್ತವೆ, ಅಷ್ಟೇ. ಒಳಗಿನ ಬಾವು ಇಳಿಸುವುದು ದಿನವೂ ಎಳೆಯುವ ಸ್ಟೀರಾಯ್ಡ್ ಪಂಪ್. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ದಮ್ಮು ಹತ್ತಿದರೆ, ತುಟಿ ನೀಲಿಯಾದರೆ, ಗುಳಗಿ ನುಂಗಿ ಕಾಯುತ್ತ ಕೂರಬೇಡಿ. ಪಂಪಿಗೂ ಬಾಯಿಗೂ ನಡುವೆ ಇಡುವ ಟೊಳ್ಳು ಡಬ್ಬಿ ಸ್ಪೇಸರ್. ಅದಕ್ಕೆ ಸಾಲ್ಬುಟಮಾಲ್ ಪಂಪ್ ಜೋಡಿಸಿ ಒಂದು ಸಲ ಒತ್ತಿ, ನಾಲ್ಕೈದು ಉಸಿರು ಎಳೆಸಿ, ಆಮೇಲೆ ಇನ್ನೊಂದು. ಹೀಗೆ 4ರಿಂದ 10 ಸಲ, ಅದೂ ಆಸ್ಪತ್ರೆಗೆ ಹೋಗುವ ಗಾಡಿಯಲ್ಲೇ.