ಜಗುಲಿಯಲ್ಲೇ ನಿಂತ ವೈಫೈ

"ಅಡುಗೆಮನೆಗೆ ವೈಫೈ ಏಕಮ್ಮಾ?"

ಇಂಟರ್ನೆಟ್ ಕಂಪನಿಯ ಹುಡುಗ ಮೊನ್ನೆ ಮಂಗಳವಾರ ನನ್ನ ಅತ್ತೆಯನ್ನು ಹೀಗೆ ಕೇಳಿದ. ಅತ್ತೆ ನಡುಮನೆಯಲ್ಲಿ ಮಣೆ ಹಾಕಿಕೊಂಡು ಅಪ್ಪೆಮಿಡಿಯ ತೊಟ್ಟು ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ, ಕತ್ತರಿಯೂ ನಿಲ್ಲಲಿಲ್ಲ. "ನಾನಿರುವುದು ಅಲ್ಲೇ ಅಲ್ಲವೋ ತಮ್ಮಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಜಗುಲಿಯ ಕುರ್ಚಿಯಲ್ಲಿದ್ದ ಮಾವ ಪತ್ರಿಕೆಯ ಹಾಳೆ ಮಗುಚಿದ ಸದ್ದು ಮಾತ್ರ ಕೇಳಿಸಿತು. ಹುಡುಗನಿಗೆ ಏನು ಹೇಳಬೇಕೋ ತಿಳಿಯದೆ ನನ್ನ ಮುಖ ನೋಡಿದ.

ಆ ಹುಡುಗ ಕೆಟ್ಟವನಲ್ಲ. ಬಿಸಿಲಲ್ಲಿ ಸಾಗರದಿಂದ ಬೈಕಿನಲ್ಲಿ ಬಂದು, ಕಂಬ ಹತ್ತಿ, ಕೂದಲಿನಷ್ಟು ತೆಳುವಾದ ಗಾಜಿನ ಎಳೆಯನ್ನು ಒಂದು ಧೂಳಿನ ಕಣವೂ ತಾಗದಂತೆ ಜೋಡಿಸುವುದು ಸಣ್ಣ ಕೆಲಸವಲ್ಲ. ಆ ಕೆಲಸದಲ್ಲಿ ಅವನದು ಪಳಗಿದ ಕೈ. ಅವನ ಪ್ರಶ್ನೆಯೂ ಅವನೊಬ್ಬನದಲ್ಲ. ಇಂಟರ್ನೆಟ್ ಸಂಪರ್ಕ ಬಂದ ದಿನ ವೈಫೈ ಪೆಟ್ಟಿಗೆಯನ್ನು (ರೌಟರನ್ನು) ಎಲ್ಲಿ ಹಾಕಬೇಕೆಂದು ಯಾರೂ ಯಾರನ್ನೂ ಕೇಳಿರಲಿಲ್ಲ. ಜಗುಲಿಯಲ್ಲಿ ಟಿವಿ ಇದೆ, ಸ್ವಿಚ್‌ಬೋರ್ಡ್ ಇದೆ, ಬಂದವರು ಕೂರುವುದೂ ಅಲ್ಲೇ. ಹಾಗಾಗಿ ಪೆಟ್ಟಿಗೆಯೂ ಅಲ್ಲೇ ಕೂತಿತು.

ನಮ್ಮದು ಜಂಬಿಟ್ಟಿಗೆ ಕಲ್ಲಿನ ಹಳೆಯ ಮನೆ. ಒಂದೊಂದು ಗೋಡೆಯೂ ಒಂದೂವರೆ ಅಡಿ ದಪ್ಪ. ಜಗುಲಿ, ನಡುಮನೆ, ದೇವರಕೋಣೆ ದಾಟಿ ಕೊನೆಯಲ್ಲಿ ಅಡುಗೆಮನೆ. ನಡುವೆ ಕಬ್ಬಿಣದ ಬೀರು ಬೇರೆ ಅಡ್ಡ ನಿಂತಿದೆ. ವೈಫೈಗೆ ಬಳಕೆಯಾಗುವ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಅಲೆಗಳಲ್ಲಿ ಮೊದಲನೆಯದು ನಿಧಾನ, ಆದರೆ ಗೋಡೆ ದಾಟುವುದರಲ್ಲಿ ಗಟ್ಟಿ. ಎರಡನೆಯದು ವೇಗ, ಆದರೆ ಗೋಡೆ ಕಂಡರೆ ಸೋಲುತ್ತದೆ. ನಮ್ಮ ಮನೆಯಲ್ಲಿ 5 ಗಿಗಾಹರ್ಟ್ಸ್ ನಡುಮನೆಯ ಹೊಸಿಲನ್ನೂ ಸರಿಯಾಗಿ ದಾಟುವುದಿಲ್ಲ. ಮೊಬೈಲ್ ಹಿಡಿದು 2.4ರ ಬಲವನ್ನು ಅಳೆದೆ. ಅದರ ಅಳತೆ ಡಿಬಿಎಂ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಪೆಟ್ಟಿಗೆಯ ಪಕ್ಕದಲ್ಲಿ −38 ಡಿಬಿಎಂ, ನಡುಮನೆಯಲ್ಲಿ −61, ಅಡುಗೆಮನೆಯ ಒಲೆಕಟ್ಟೆಯ ಬಳಿ −84. ವಿಡಿಯೊದಲ್ಲಿ ತಡೆಯಿಲ್ಲದೆ ಮಾತನಾಡಬೇಕಾದರೆ −67ರ ಆಸುಪಾಸಾದರೂ ಇರಬೇಕು. ಈ ಲೆಕ್ಕದಲ್ಲಿ ಹತ್ತು ಇಳಿದರೆ ಬಲ ಹತ್ತರಲ್ಲಿ ಒಂದು ಪಾಲಾಯಿತೆಂದು ಅರ್ಥ. ಹಾಗಾಗಿ 61 ಮತ್ತು 84ರ ನಡುವಿನ ಅಂತರ ಕಾಣುವಷ್ಟು ಸಣ್ಣದಲ್ಲ. ನಡುಮನೆಗೆ ತಲುಪಿದ್ದರಲ್ಲಿ ಸುಮಾರು ಇನ್ನೂರರ ಒಂದು ಪಾಲು ಮಾತ್ರ ಅಡುಗೆಮನೆಗೆ ಸಿಗುತ್ತಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ನೀರು ಈ ಅಲೆಗಳನ್ನು ಹೀರುತ್ತದೆ, ಆಷಾಢದಲ್ಲಿ ಜಂಬಿಟ್ಟಿಗೆ ನೀರನ್ನು ಹೀರುತ್ತದೆ. ಟವರ್ ಗುಡ್ಡದ ಆಚೆ ಇರುವುದರಿಂದ ಮೊಬೈಲಿನ ಡೇಟಾ ಸಿಗಬೇಕಾದರೆ ಅಂಗಳಕ್ಕೇ ಇಳಿಯಬೇಕು.

ಇಷ್ಟಕ್ಕೂ ಈ ಮನೆಯಲ್ಲಿ ಇಂಟರ್ನೆಟ್ಟನ್ನು ಅತಿ ಹೆಚ್ಚು ಬಳಸುವವರು ಯಾರು? ಮಾವ ಬೆಳಿಗ್ಗೆ ಅಡಿಕೆ ದರ ನೋಡುತ್ತಾರೆ, ಸಂಜೆ ವಾರ್ತೆ. ನಾನೂ ನನ್ನ ಗಂಡನೂ ಬಂದಾಗ ಜಗುಲಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಚೇರಿ ಕೆಲಸ ಮಾಡುತ್ತೇವೆ. ಅತ್ತೆಯದು ಮಾತ್ರ ಬೆಳಗಿನಿಂದ ರಾತ್ರಿಯವರೆಗೆ. ಮಿಡಿ ಉಪ್ಪಿನಕಾಯಿಗೆ ಬೆಂಗಳೂರು, ಮೈಸೂರು, ಪುಣೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಬೇಡಿಕೆ ಬರುತ್ತದೆ. ಮಿಡಿಯ ಫೋಟೊ ಕಳಿಸಬೇಕು, ವಿಳಾಸ ಬರೆದುಕೊಳ್ಳಬೇಕು, ಯುಪಿಐನಲ್ಲಿ ಹಣ ಬಂತೇ ಎಂದು ನೋಡಬೇಕು. ಹುಬ್ಬಳ್ಳಿಯಲ್ಲಿರುವ ತಂಗಿಯೊಂದಿಗೆ ದಿನವೂ ಮಾತು. ಮಿಡಿಯ ಕಾಲದಲ್ಲಿ ಸೊನೆ ತಾಗಿ ಅವರ ಬೆರಳ ತುದಿಗಳು ಕಪ್ಪಾಗಿ ಸಿಪ್ಪೆ ಏಳುತ್ತವೆ. ಫೋನು ಅವರ ಬೆರಳಚ್ಚನ್ನು ಗುರುತಿಸುವುದೇ ಇಲ್ಲ. ಪ್ರತಿ ಸಲವೂ ಗುಪ್ತಸಂಖ್ಯೆಯನ್ನು ಒತ್ತಿಯೇ ತೆರೆಯಬೇಕು. ಹಾಗೆ ತೆರೆದರೂ ಅಡುಗೆಮನೆಯಲ್ಲಿ ಫೋಟೊ ಹೋಗದು. ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಎರಡು ಕೋಣೆ ದಾಟಿ ಜಗುಲಿಗೆ ಬರಬೇಕು. ಮಾವನ ಸ್ನೇಹಿತರು ಕೂತಿದ್ದರೆ ಕಂಬದ ಬಳಿ ನಿಂತೇ ಕಳಿಸಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಮಾತನಾಡಬೇಕಾದ್ದನ್ನು ಅಲ್ಲಿ ಮಾತನಾಡಲಾಗುವುದಿಲ್ಲ. ತಂಗಿಗೆ ಹೇಳುವ ಸುಖದುಃಖ ಮಾವನ ಸ್ನೇಹಿತರ ಕಿವಿಗೆ ಏಕೆ ಬೀಳಬೇಕು?

ನನ್ನ ಗಂಡ ಬೆಂಗಳೂರಿನಿಂದಲೇ ಒಂದು ರಿಪೀಟರ್, ಅಂದರೆ ವೈಫೈ ಅಲೆಯನ್ನು ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆ, ಕಳಿಸಿಕೊಟ್ಟಿದ್ದರು. ದುಡ್ಡು ಕೊಟ್ಟರೆ ಯಾವುದೂ ಸರಿಹೋಗುತ್ತದೆಂದು ನಂಬುವ ಸ್ವಭಾವ ಅವರದು. ದೇವರಕೋಣೆಯ ಹೊರಗಿನ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದ ಕೂಡಲೇ ಅಡುಗೆಮನೆಯ ಫೋನಿನಲ್ಲಿ ಗೆರೆಗಳೆಲ್ಲ ತುಂಬಿದವು. ಆದರೆ ವಿಡಿಯೊ ಮಾತ್ರ ಸುತ್ತುತ್ತಲೇ ಇತ್ತು. ತಾನೇ ಅರ್ಧಂಬರ್ಧ ಕೇಳಿಸಿಕೊಂಡದ್ದನ್ನು ಇನ್ನೊಬ್ಬರಿಗೆ ಗಟ್ಟಿಯಾಗಿ ಹೇಳುವವನ ಹಾಗೆ ಅದರ ಕೆಲಸ. ಫೋನಿನ ಗೆರೆ ತೋರಿಸುವುದು ಫೋನಿಗೂ ರಿಪೀಟರಿಗೂ ನಡುವಿನ ಬಲವನ್ನು ಮಾತ್ರ. ರಿಪೀಟರಿಗೆ ಜಗುಲಿಯಿಂದ ಎಷ್ಟು ಬರುತ್ತಿದೆ ಎಂಬುದನ್ನಲ್ಲ. ಸಾಲದ್ದಕ್ಕೆ ಅಗ್ಗದ ರಿಪೀಟರುಗಳು ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ರೇಡಿಯೊ ಬಳಸುವುದರಿಂದ ಬಂದ ವೇಗವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮೆಶ್ ಎಂದು ಮೂರು ಪೆಟ್ಟಿಗೆಗಳ ಕಟ್ಟನ್ನು ದುಬಾರಿ ಬೆಲೆಗೆ ಮಾರುತ್ತಾರೆ. ನಗರದ ತೆಳುಗೋಡೆಯ ಫ್ಲ್ಯಾಟುಗಳಲ್ಲಿ ಅದು ಚೆನ್ನಾಗಿಯೇ ನಡೆಯಬಹುದು. ಇಲ್ಲಿ ಆ ಪೆಟ್ಟಿಗೆಗಳು ಒಂದರೊಡನೊಂದು ಮಾತನಾಡಬೇಕಾದ್ದೂ ಇದೇ ಗೋಡೆಗಳ ಮೂಲಕ. ಕಲ್ಲಿನ ಮನೆಗೆ ತಂತಿಯೇ ಗತಿ. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅಡುಗೆಮನೆಯವರೆಗೆ ತಂತಿ ಎಳೆದುಕೊಡಿ ಎಂದು ಕಂಪನಿಗೆ ಹೇಳಿದ್ದಕ್ಕೇ ಮಂಗಳವಾರ ಆ ಹುಡುಗ ಬಂದದ್ದು, ಆ ಪ್ರಶ್ನೆ ಕೇಳಿದ್ದು. ಪೆಟ್ಟಿಗೆಯಿಂದ ಒಳಗಿನ ಕೆಲಸ ಕಂಪನಿಯದಲ್ಲವಂತೆ. ಇರಲಿ. ಊರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಅವರು ಗುರುವಾರ ಬಂದು, ಮನೆಯನ್ನು ಒಂದು ಸುತ್ತು ಹಾಕಿ, ಅಟ್ಟ ಹತ್ತಿ ಇಳಿದು, "ಗೋಡೆ ಕೊರೆಯುವುದೇ ಬೇಡ, ಮುಚ್ಚಿಗೆಯ ಮೇಲಿಂದ ತರೋಣ. ಇಲಿಗಳಿವೆ, ಪೈಪಿನೊಳಗೆ ಹಾಕೋಣ" ಎಂದರು. ಯಾರಿಗೆ, ಏಕೆ ಎಂದು ಒಂದು ಮಾತು ಕೇಳಲಿಲ್ಲ. "ಅಮ್ಮಾ, ನೀವು ಹೆಚ್ಚು ಹೊತ್ತು ನಿಲ್ಲುವುದು ಯಾವ ಬದಿಗೆ?" ಎಂದು ಮಾತ್ರ ಕೇಳಿದರು. ಆ ಕ್ಷಣದಿಂದ ಅವರ ಮೇಲೆ ನನಗೆ ಬಂದಿರುವ ಗೌರವಕ್ಕೆ ಮಿತಿಯಿಲ್ಲ.

ಇಂಟರ್ನೆಟ್ ಒಯ್ಯುವ ಕ್ಯಾಟ್-6 ಎಂಬ ತಂತಿ 100 ಮೀಟರ್ ದೂರದವರೆಗೆ ವೇಗ ಕುಂದದೆ ಕೆಲಸ ಮಾಡುತ್ತದೆ. ನಮಗೆ ಅದರ ಕಾಲು ಭಾಗವೂ ಬೇಕಾಗಲಿಲ್ಲ. ತುದಿಗೆ ಪಿನ್ನು ಕೂರಿಸುವಾಗ ಟಾರ್ಚ್ ಹಿಡಿದವಳು ನಾನು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟು ಎಳೆಗಳನ್ನು ಹೆಬ್ಬೆರಳಿನ ಉಗುರಿನಿಂದ ನೀವಿ ನೇರಮಾಡಿ, ಒಂದೇ ಅಳತೆಗೆ ಕತ್ತರಿಸಿ, ಪಿನ್ನಿನೊಳಗೆ ತಳ್ಳಿ, ಇಕ್ಕಳದಿಂದ ಒತ್ತಿದರು. ಅಡುಗೆಮನೆಯ ಕಡೆ ಎರಡನೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ತಂತಿಯಲ್ಲಿ ಬಂದದ್ದನ್ನು ವೈಫೈಯಾಗಿ ಹರಡುವುದಕ್ಕಷ್ಟೇ, ಇಟ್ಟು, ಜಗುಲಿಯ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಅದಕ್ಕೂ ಕೊಟ್ಟೆ. ಫೋನು, ಲ್ಯಾಪ್‌ಟಾಪುಗಳಿಗೆ ಐಪಿ ವಿಳಾಸವೆಂಬ ಗುರುತಿನ ಸಂಖ್ಯೆ ಹಂಚುವ ಕೆಲಸ ಮನೆಗೆ ಒಂದೇ ಪೆಟ್ಟಿಗೆಯದಾಗಿರಬೇಕು, ಆದ್ದರಿಂದ ಇದರಲ್ಲಿ ಅದನ್ನು ನಿಲ್ಲಿಸಿದೆ. ಒಲೆಕಟ್ಟೆಯ ಬಳಿ ಈಗ −45. ಸಂಜೆಯ ಗುಡುಗಿಗೆ ಎರಡೂ ಪೆಟ್ಟಿಗೆಗಳ ಪ್ಲಗ್ ಕಿತ್ತಿಡುವುದನ್ನು ಅತ್ತೆಗೆ ಹೇಳಿಕೊಡಬೇಕಾಗಲಿಲ್ಲ. ಮಲೆನಾಡಿನವರಿಗೆ ಅದು ರೂಢಿಯೇ.

ಕೆಲಸ ಮುಗಿಯಿತು. ಆದರೂ ಆ ಮಾತು ಕಿವಿಯಿಂದ ಹೋಗುತ್ತಿಲ್ಲ. ನಾನಿರುವುದು ಅಲ್ಲೇ ಅಲ್ಲವೋ ತಮ್ಮಾ?

ಈ ಮನೆಗೆ ಬಂದ ಒಂದೊಂದು ಸೌಕರ್ಯವೂ ಎಲ್ಲಿ ನಿಂತಿತೆಂದು ಯೋಚಿಸುತ್ತಿದ್ದೇನೆ. ಲ್ಯಾಂಡ್‌ಲೈನ್ ಫೋನು ಬಂದಾಗ ಅದಕ್ಕೆ ಜಗುಲಿಯಲ್ಲಿ ಕಸೂತಿ ಬಟ್ಟೆ ಹಾಸಿದ ಮೇಜು. ತವರಿನಿಂದ ಕರೆ ಬಂದರೆ ಅತ್ತೆ ಎಲ್ಲರ ಎದುರಿಗೇ "ಹೂಂ, ಹೂಂ, ಎಲ್ಲರೂ ಚೆನ್ನಾಗಿದ್ದೇವೆ" ಎಂದು ಇಟ್ಟುಬಿಡುತ್ತಿದ್ದರಂತೆ. ಟಿವಿ ಜಗುಲಿಗೆ. ಸೀಲಿಂಗ್ ಫ್ಯಾನು ಜಗುಲಿಗೆ, ಆಮೇಲೆ ಮಲಗುವ ಕೋಣೆಗಳಿಗೆ. ಮನೆಯಲ್ಲೆಲ್ಲ ಹೆಚ್ಚು ಸೆಕೆಯಿರುವ ಕೋಣೆಯಲ್ಲಿ ಇಂದಿಗೂ ಫ್ಯಾನಿಲ್ಲ. ಮಾವ ಅನ್ಯಾಯದ ಮನುಷ್ಯರಲ್ಲ. ಅತ್ತೆಗೆ ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವವರು. ಆದರೆ ಮನೆಯೆಂದರೆ ಅವರ ಕಣ್ಣಿಗೆ ಜಗುಲಿಯಿಂದ ಶುರುವಾಗುತ್ತದೆ, ಒಳಗೆ ಹೋದಂತೆ ಮಸುಕಾಗುತ್ತದೆ. ಅವರೊಬ್ಬರಿಗಲ್ಲ, ನಾನು ಕಂಡ ಬಹಳ ಗಂಡಸರಿಗೆ ಹಾಗೆಯೇ.

2020-21ರಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದಿಕೆ ಕಟ್ಟಿಕೊಂಡು ಮಳೆಯಲ್ಲಿ ಕೂತದ್ದನ್ನು ಎಲ್ಲರೂ ಕಂಡಿದ್ದೇವೆ. ಊರಿಗೆ ನೆಟ್‌ವರ್ಕ್ ಬೇಕೆಂದು ಹೋರಾಡಿದವರಲ್ಲಿ ಮಾವನೂ ಒಬ್ಬರು, ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರು. ಅಷ್ಟು ಕಷ್ಟಪಟ್ಟು ಗುಡ್ಡ ಹಳ್ಳ ದಾಟಿಸಿ ತಂದ ಸಂಪರ್ಕವನ್ನು ಇನ್ನು ನಲವತ್ತು ಅಡಿ ಒಳಗೆ ಒಯ್ಯಬೇಕೆಂದು ಯಾರಿಗೂ ಅನ್ನಿಸಲಿಲ್ಲವಲ್ಲ, ಅದು ನನ್ನನ್ನು ಕಾಡುತ್ತದೆ. ಊರಿಗೆ ಬಂತು ಎನ್ನುವಾಗ, ಮನೆಗೆ ಬಂತು ಎನ್ನುವಾಗ, ಅದು ಯಾರ ಕೈಗೆ ಬಂತು ಎಂದು ಕೇಳಲೇಬೇಕು.

ನಿನ್ನೆ ಅತ್ತೆ ಫೋನನ್ನು ಸಾಂಬಾರ ಡಬ್ಬಿಗೆ ಒರಗಿಸಿ, ದೋಸೆ ಹುಯ್ಯುತ್ತ ತಂಗಿಯೊಂದಿಗೆ ಮುಕ್ಕಾಲು ಗಂಟೆ ಮಾತನಾಡಿದರು. ಏನು ಮಾತನಾಡಿದರೋ ನನಗೆ ಗೊತ್ತಿಲ್ಲ, ಬಾಗಿಲು ಮುಚ್ಚಿತ್ತು. ಎಲೆಕ್ಟ್ರಿಷಿಯನ್ನರಿಗೆ ಬರುವ ವಾರ ಇನ್ನೊಮ್ಮೆ ಬರಲು ಹೇಳಿದ್ದೇನೆ, ಅಡುಗೆಮನೆಗೊಂದು ಗೋಡೆ ಫ್ಯಾನು ಹಾಕಿಸುವುದಕ್ಕೆ. "ಗಾಳಿಗೆ ಗ್ಯಾಸು ಆರುವುದಿಲ್ಲವೇ?" ಎಂದರು ಮಾವ. ತರಕಾರಿ ಹೆಚ್ಚುವ ಕಡೆಗೆ ತಿರುಗಿಸಿದರೆ ಆರುವುದಿಲ್ಲ ಎಂದು ಅತ್ತೆಯೇ ಉತ್ತರ ಕೊಟ್ಟರು. ಗೋಡೆಯ ಮೇಲೆ ಇದ್ದಿಲಿನಿಂದ ಗುರುತೂ ಹಾಕಿಟ್ಟಿದ್ದಾರೆ.