ಕೆಂಚನ ಕಿವಿ, ಅವ್ವನ ಮೀಟರ್: ಮೂರು ತಿಂಗಳ ಲೆಕ್ಕ

ಆಗಸ್ಟ್ 3, ಭಾನುವಾರ

ಮೊದಲು ಕಂಡುಹಿಡಿದಿದ್ದು ಇರುವೆಗಳು. ಹಿತ್ತಲಲ್ಲಿ ನಮ್ಮ ಬೆಕ್ಕು ಕೆಂಚನಿಗೆ ಅಂತ ಒಂದು ಹಳೇ ಬಾಂಡ್ಲಿಗೆ ಮರಳು ಹಾಕಿಟ್ಟಿದ್ದೇವೆ. ವಾರದಿಂದ ಆ ಮರಳಿಗೆ ಕೆಂಪಿರುವೆ ಸಾಲುಗಟ್ಟಿವೆ. ಮೀನಿನ ಮುಳ್ಳು ಗಿಳ್ಳು ಬಿದ್ದಿರಬೇಕು ಅಂದುಕೊಂಡೆ. ಅವ್ವ ಬಂದು ಬಗ್ಗಿ ನೋಡಿದಳು. "ಇವ್ನಿಗೂ ನನ್ ಕಾಯ್ಲೆನೇ ಬಂದೈತೆ ಕಣ್ ಮಗ" ಅಂದಳು. ಅವಳ ಅಪ್ಪನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿದ್ದೂ ಬಚ್ಚಲ ಕಲ್ಲಿಗೆ ಇರುವೆ ಮುತ್ತಿದ ಮೇಲೆಯೇ ಅಂತೆ.

ಆಮೇಲೆ ಒಂದೊಂದೇ ನೆನಪಾಯಿತು. ಬಕೆಟ್ಟಿಗೆ ತಲೆ ಹಾಕಿ ನೀರು ಕುಡಿಯೋದು. ದಿನಕ್ಕೆ ಆರು ಸಲ ಊಟ ಕೇಳೋದು, ಆದರೂ ಬೆನ್ನುಮೂಳೆ ಕೈಗೆ ಸಿಗೋದು. ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯೋದು. ಬೆಕ್ಕು ಬೆರಳ ಮೇಲೆ ನಡೆಯುವ ಪ್ರಾಣಿ, ಅಲ್ವಾ? ಹತ್ತು ವರ್ಷ ಆಯ್ತಲ್ಲ, ವಯಸ್ಸು ಅಂತ ಸುಮ್ಮನಿದ್ದೆ. ಜಾಸ್ತಿ ದಿನ ಸಕ್ಕರೆ ಏರಿದ್ದರೆ ಹಿಂಗಾಲಿನ ನರ ಸೋತು ಹಾಗಾಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ನೀರು ಅಳೆದೆ. ಇಡೀ ದಿನ ಒಂದೇ ಬಟ್ಟಲು, ಬಕೆಟ್ಟುಗಳಿಗೆಲ್ಲ ಮುಚ್ಚಳ. 24 ಗಂಟೆಗೆ 610 ಎಂಎಲ್. ತೂಕಕ್ಕೆ ಅವನನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ನಾನೊಬ್ಬನೇ ಹತ್ತಿ, ಕಳೆದೆ: 4.6 ಕೆಜಿ. ಹೋದ ವರ್ಷ 5.8 ಇದ್ದ. ಕೆಜಿಗೆ 100 ಎಂಎಲ್ ದಾಟಿ ನೀರು ಕುಡಿಯುವ ಬೆಕ್ಕಿಗೆ ಏನೋ ಕಾಯಿಲೆ ಇದೆ ಅಂತಲೇ ಲೆಕ್ಕ.

ಆಗಸ್ಟ್ 6

ಬುಟ್ಟಿಯಲ್ಲಿ ಕೂರಿಸಿಕೊಂಡು ಮಂಡ್ಯದಿಂದ ಮೈಸೂರಿಗೆ ಹೋದೆ. ದಾರಿಯುದ್ದಕ್ಕೂ ಕೂಗಿದ. ಡಾಕ್ಟರ ಮೇಜಿನ ಮೇಲೆ ಬಂದ ರಕ್ತದ ಸಕ್ಕರೆಯ ನಂಬರ್ 412. ನನ್ನ ಮುಖ ನೋಡಿ ಡಾಕ್ಟರು, "ಇದೊಂದನ್ನೇ ನಂಬಬೇಡಿ" ಅಂದರು. ಹೆದರಿದ ಬೆಕ್ಕಿನ ಸಕ್ಕರೆ ಕಾಯಿಲೆ ಇಲ್ಲದಿದ್ದರೂ 300ರ ಹತ್ತಿರ ಹೋಗಬಹುದಂತೆ. ಅದಕ್ಕೇ ಇನ್ನೆರಡು ನೋಡಿದರು. ಒಂದು ಮೂತ್ರ. ರಕ್ತದಲ್ಲಿ ಸುಮಾರು 250 ದಾಟಿದ ಮೇಲೆ ತಾನೇ ಸಕ್ಕರೆ ಮೂತ್ರಕ್ಕೆ ಇಳಿಯೋದು, ಇರುವೆ ಬರೋದು. ಇನ್ನೊಂದು ಫ್ರಕ್ಟೋಸಮೀನ್ ಅನ್ನೋ ಪರೀಕ್ಷೆ. ಅದು ಹಿಂದಿನ ಒಂದೆರಡು ವಾರದ ಸರಾಸರಿ ಹೇಳುತ್ತದೆ, ಆ ಹೊತ್ತಿನ ಗಾಬರಿ ಅದಕ್ಕೆ ತಟ್ಟಲ್ಲ. ಎರಡೂ ಹೌದು ಅಂದವು. ಮೂತ್ರದಲ್ಲಿ ಕೀಟೋನ್ (ಸಕ್ಕರೆ ಬಳಸಲಾಗದೆ ಮೈ ಕೊಬ್ಬು ಕರಗಿಸಿದಾಗ ಬರೋದು) ಇರಲಿಲ್ಲ. ಇದ್ದಿದ್ದರೆ ಅವತ್ತೇ ಡ್ರಿಪ್ ಹಾಕಿ ಅಡ್ಮಿಟ್ ಮಾಡಬೇಕಾಗಬಹುದಿತ್ತು.

ಮೇ ತಿಂಗಳಲ್ಲಿ ತುರಿಕೆಗೆ ಅಂತ ಬೇರೆ ಒಂದು ಕಡೆ ಎರಡು ಸಲ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ದೆ. ಅದನ್ನು ಹೇಳಿದಾಗ ಡಾಕ್ಟರು ಪೆನ್ನು ಕೆಳಗಿಟ್ಟರು. ದಪ್ಪಗಿರುವ, ಬೀಜ ತೆಗೆಸಿದ, ವಯಸ್ಸಾದ ಗಂಡು ಬೆಕ್ಕಿಗೆ ಸ್ಟೀರಾಯ್ಡ್ ಬಿದ್ದರೆ ಹೀಗಾಗೋದು ಹೊಸದಲ್ಲವಂತೆ. ನನಗೆ ಅಲ್ಲಿ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಗ್ಲಾರ್ಜಿನ್ ಇನ್ಸುಲಿನ್, 1 ಯೂನಿಟ್, 12 ಗಂಟೆಗೊಮ್ಮೆ. ಬೆಳಿಗ್ಗೆ 7, ರಾತ್ರಿ 7. ಮನೆಯಲ್ಲೇ ರಕ್ತ ನೋಡೋದು ಕಲಿಯಿರಿ ಅಂದರು. ಮನೆಯ ನಂಬರ್ ಮಾತ್ರ ನಿಜ ಹೇಳುತ್ತೆ.

ಆಗಸ್ಟ್ 8ರಿಂದ 13: ಕಿವಿ

ಇಷ್ಟು ದಿನದಲ್ಲಿ ಹಾಳಾದ, ಮೀಟರಿಗೆ ಹಾಕಿ ರಕ್ತ ನೋಡುವ ಸ್ಟ್ರಿಪ್ 11. ಒಂದಕ್ಕೆ ಇಪ್ಪತ್ತು ರೂಪಾಯಿ.

ಚುಚ್ಚಬೇಕಾದ್ದು ಕಿವಿಯ ಅಂಚು. ಅಂಚಿನುದ್ದಕ್ಕೂ ಒಂದು ಸಣ್ಣ ರಕ್ತನಾಳ ಓಡುತ್ತದೆ. ನಾಳಕ್ಕಲ್ಲ, ನಾಳಕ್ಕೂ ಅಂಚಿಗೂ ನಡುವಿನ ಜಾಗಕ್ಕೆ. ಮೊದಲ ದಿನ ಕಿವಿ ತಣ್ಣಗಿತ್ತು, ರಕ್ತವೇ ಬರಲಿಲ್ಲ. ಎರಡನೇ ದಿನ ಸೂಜಿ ಕಿವಿ ತೂರಿ ನನ್ನ ಬೆರಳಿಗೆ ಹೋಯಿತು. ಬಂದ ರಕ್ತ ನನ್ನದೋ ಅವನದೋ ಗೊತ್ತಾಗದೆ ಸ್ಟ್ರಿಪ್ ಬಿಸಾಕಿದೆ. ಮೂರನೇ ದಿನ ಹನಿ ಬಂತು, ಆದರೆ ಕೂದಲಿಗೆ ಹರಡಿಬಿಟ್ಟಿತು.

ಶಾಖ ಕೊಡು ಅಂದವಳು ಅವ್ವ. ಹಳೇ ಕಾಲುಚೀಲಕ್ಕೆ ಎರಡು ಹಿಡಿ ರಾಗಿ ತುಂಬಿ, ತವಾ ಮೇಲೆ ಬೆಚ್ಚಗೆ ಮಾಡಿ, ತನ್ನ ಕೆನ್ನೆಗೆ ಒತ್ತಿ ನೋಡಿ ಕೊಟ್ಟಳು. ಅರ್ಧ ನಿಮಿಷ ಕಿವಿಗೆ ಹಿಡಿದರೆ ನಾಳ ಎದ್ದು ಕಾಣುತ್ತದೆ. ಈಗ ನಾನು ಮಾಡೋದು ಹೀಗೆ. ರಾಗಿ ಚೀಲ ಇಟ್ಟು, ಅಂಚಿಗೆ ಸಾಸಿವೆಯಷ್ಟು ವ್ಯಾಸಲೀನ್ ಸವರಿ (ಹನಿ ಹರಡದೆ ಮಣಿಯಂತೆ ನಿಲ್ಲುತ್ತದೆ), ಕಿವಿಯ ಹಿಂದೆ ಮಡಚಿದ ಹತ್ತಿ ಹಿಡಿದು, ಟಕ್ ಅಂತ ಒಂದೇ ಚುಚ್ಚು. ಸ್ಟ್ರಿಪ್ಪನ್ನು ಹನಿಯ ಮೇಲೆ ಒತ್ತಬಾರದು, ಬದಿಗೆ ತಾಗಿಸಿದರೆ ಅದೇ ಎಳೆದುಕೊಳ್ಳುತ್ತದೆ. ಆಮೇಲೆ ಹತ್ತಿಯಿಂದ ಹತ್ತು ಎಣಿಸುವವರೆಗೆ ಒತ್ತಿ ಹಿಡಿಯೋದು. ಕೊನೆಗೆ ಬೇಯಿಸಿದ ಕೋಳಿ ಒಂದು ಚೂರು. ಈ ಚೂರು ತಪ್ಪಬಾರದು. 13ನೇ ತಾರೀಖು ಡಬ್ಬಿ ಸದ್ದಿಗೆ ಅವನೇ ಬಂದು ಚಾಪೆ ಮೇಲೆ ಕೂತ.

ಮೀಟರ್ ಅವ್ವನದು. ಮನುಷ್ಯರ ಮೀಟರ್ ಬೆಕ್ಕಿನ ರಕ್ತಕ್ಕೆ ಸ್ವಲ್ಪ ಕಮ್ಮಿ ತೋರಿಸುತ್ತದೆ. ಪ್ರಾಣಿಗಳಿಗೇ ಅಂತ ಮೀಟರ್ ಉಂಟು, ಆದರೆ ಅದರ ಸ್ಟ್ರಿಪ್ಪಿಗೆ ಪ್ರತಿ ಸಲ ಎಲ್ಲಿ ಓಡಲಿ? ಒಂದೇ ಮೀಟರ್ ಇಟ್ಟುಕೊಳ್ಳಿ, ಏರಿಳಿತ ನೋಡಿ ಅಂದಿದ್ದಾರೆ ಡಾಕ್ಟರು.

ಆಗಸ್ಟ್ 14

ಇವತ್ತಿನದನ್ನು ಬರೆಯಲು ಕೈ ಇನ್ನೂ ನಡುಗುತ್ತಿದೆ. ಮೈಸೂರಿನಿಂದ ತಂದ ಸಿರಿಂಜ್ ಮುಗಿದಿತ್ತು. ಇಲ್ಲಿ ಒಂದು ಮೆಡಿಕಲ್ ಸ್ಟೋರಿಗೆ ಹೋಗಿ "ಇನ್ಸುಲಿನ್ ಸಿರಿಂಜ್ ಕೊಡಿ" ಅಂದೆ. ಕೊಟ್ಟರು. ರಾತ್ರಿ 7ಕ್ಕೆ ಎಳೆಯಲು ಕೂತಾಗ ಅವ್ವ, "ಇದು ನಂದಲ್ವಾ?" ಅಂದಳು. ಕೆಂಪು ಮುಚ್ಚಳ.

ನಮ್ಮಲ್ಲಿ ಜಾಸ್ತಿ ಜನ ಬಳಸುವ ಬಾಟಲಿ ಇನ್ಸುಲಿನ್ ಒಂದು ಎಂಎಲ್‌ಗೆ 40 ಯೂನಿಟ್. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಅವ್ವನದು ಅದು. ಕೆಂಚನ ಗ್ಲಾರ್ಜಿನ್ ಒಂದು ಎಂಎಲ್‌ಗೆ 100. ಅದಕ್ಕೆ ಕಿತ್ತಳೆ ಮುಚ್ಚಳದ್ದೇ ಬೇಕು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಒಂದು ಗೆರೆ ಎಳೆದರೆ ಒಳಗೆ ಹೋಗೋದು ಒಂದಲ್ಲ, ಎರಡೂವರೆ. ಅವ್ವನಿಗೆ ಒಂದೂವರೆ ಹೆಚ್ಚು ಹೋದರೆ ತಲೆ ಸುತ್ತಬಹುದು. ನಾಲ್ಕೂವರೆ ಕೆಜಿ ಬೆಕ್ಕಿಗೆ ಜೀವವೇ ಹೋಗಬಹುದು. ಅಂಗಡಿಯವರದ್ದೂ ತಪ್ಪಲ್ಲ. ನಾನು ಯಾವ ಇನ್ಸುಲಿನ್ ಅಂತ ಹೇಳಲೇ ಇಲ್ಲ, ಅವರು ಕೇಳಲಿಲ್ಲ.

ರಾತ್ರಿಯ ಡೋಸ್ ಬಿಟ್ಟೆ. ಒಂದು ಡೋಸ್ ತಪ್ಪಿದರೆ ಸಕ್ಕರೆ ಏರುತ್ತದೆ ಅಷ್ಟೆ. ಈಗ ಫ್ರಿಜ್ಜಿನ ಬಾಗಿಲಲ್ಲಿ ಎರಡು ಬೇರೆ ಡಬ್ಬಿ. ಅವ್ವನದಕ್ಕೆ ಕೆಂಪು ದಾರ. ಕೆಂಚನದಕ್ಕೆ ದಪ್ಪಕ್ಷರದಲ್ಲಿ 100.

ಆಗಸ್ಟ್ 24: ಮೊದಲ ಕರ್ವ್

ಕರ್ವ್ ಅಂದರೆ ಎರಡೆರಡು ಗಂಟೆಗೊಮ್ಮೆ ಸಕ್ಕರೆ ನೋಡಿ ಬರೆಯೋದು, ಊಟ-ಇಂಜೆಕ್ಷನ್‌ಗೆ ಮುಂಚೆ ಶುರು ಮಾಡಿ 12 ಗಂಟೆ. ಬೆಳಿಗ್ಗೆ 7ಕ್ಕೆ 394. ಆಮೇಲೆ 371, 322, 268, 231, 290, ರಾತ್ರಿ 7ಕ್ಕೆ 366. ಮಧ್ಯಾಹ್ನ 3ರ 231 ಅತೀ ಕೆಳಗಿನದು. ಡಾಕ್ಟರು ನೋಡೋದು ಆ ತಳವನ್ನು. ತಳ 80ರಿಂದ 150ರ ನಡುವೆ ಸಿಕ್ಕಬೇಕು. ಇದು ಎತ್ತರ ಇದೆ, ಒಂದೂವರೆ ಮಾಡಿ ಅಂದರು. ಅರ್ಧ ಗೆರೆ ಇರುವ ಸಣ್ಣ ಸಿರಿಂಜಿಗೆ ಮತ್ತೆ ಮೈಸೂರು.

ಊಟ ಬದಲಾಗಬೇಕು ಅಂತಲೂ ಹೇಳಿದರು. ಇಷ್ಟು ವರ್ಷ ಅವನು ತಿಂದಿದ್ದು ಹಾಲನ್ನ ಮತ್ತು ಚೀಲದಲ್ಲಿ ಬರುವ ಬೆಕ್ಕಿನ ಒಣ ಕಾಳು. ಎರಡರಲ್ಲೂ ಪಿಷ್ಟ ಜಾಸ್ತಿ. ಬೆಕ್ಕು ಮಾಂಸದ ಪ್ರಾಣಿ, ಅದರ ಮೈಗೆ ಅಷ್ಟು ಪಿಷ್ಟ ಸಂಭಾಳಿಸಲು ಬರಲ್ಲ. ಬರೀ ಬೇಯಿಸಿದ ಕೋಳಿ ಹಾಕಿದರೂ ಸಾಲದು, ಕ್ಯಾಲ್ಸಿಯಂ, ಟಾರಿನ್ (ಬೆಕ್ಕಿಗೆ ಬೇಕೇ ಬೇಕಾದ ಪೋಷಕಾಂಶ) ಕಮ್ಮಿ ಬೀಳುತ್ತದೆ. ಹಾಗಾಗಿ ಪೌಚಿನಲ್ಲಿ ಬರುವ ತೇವದ ಊಟ, ಜೊತೆಗೆ ಸ್ವಲ್ಪ ಕೋಳಿ. ಅವ್ವನಿಗೆ ಇದು ಹಿಡಿಸಲಿಲ್ಲ. "ನಂಗೆ ಮುದ್ದೆ ಕಮ್ಮಿ ಮಾಡು ಅಂತೀಯ, ಅವ್ನಿಗೆ ದಿನಾ ಕೋಳಿ." ತನ್ನ ಮೆಟ್‌ಫಾರ್ಮಿನ್ ಮಾತ್ರೆಯಲ್ಲೇ ಅರ್ಧ ಹಾಕಬಾರದಾ ಅಂತಲೂ ಕೇಳಿದಳು. ಬೆಕ್ಕಿಗೆ ಅದು ಕೆಲಸಕ್ಕೆ ಬರಲ್ಲ.

ಸೆಪ್ಟೆಂಬರ್ 7

ಇದು ಪೂರ್ತಿ ನನ್ನ ತಪ್ಪು.

4ನೇ ತಾರೀಖು ಬೆಳಿಗ್ಗೆ 388 ಬಂತು. ಒಂದೂವರೆ ಹಾಕಿದರೂ ಇಷ್ಟಾ ಅಂತ ಸಿಟ್ಟು. ಯಾರನ್ನೂ ಕೇಳದೆ ಎರಡು ಮಾಡಿದೆ. ಅದೇ ವಾರ ಒಣ ಕಾಳು ಪೂರ್ತಿ ನಿಲ್ಲಿಸಿದ್ದೆ. ಪಿಷ್ಟ ಇಳಿದರೆ ಬೇಕಾಗುವ ಇನ್ಸುಲಿನ್ನೂ ಇಳಿಯುತ್ತದೆ. ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿದೆ.

ಇವತ್ತು ಮಧ್ಯಾಹ್ನ ಒಂದೂವರೆಗೆ ಕೆಂಚ ನೀರಿನ ಬಟ್ಟಲ ಮುಂದೆ ಕೂತು ಗೋಡೆ ನೋಡುತ್ತಿದ್ದ. ಕೋಳಿ ಡಬ್ಬಿ ಸದ್ದಿಗೆ ತಿರುಗಲಿಲ್ಲ. ಎತ್ತಿ ನಿಲ್ಲಿಸಿದರೆ ಹಿಂಗಾಲು ವಾಲಿತು. ಮೀಟರ್: 48.

ಮನೆಯಲ್ಲಿ ಜೇನು ಇರಲಿಲ್ಲ. ಅವ್ವ ತನಗೆ ಸಕ್ಕರೆ ಲೋ ಆದರೆ ಅಂತ ಇಟ್ಟುಕೊಂಡಿದ್ದ ಅಚ್ಚು ಬೆಲ್ಲ ಜಜ್ಜಿ ನೀರಲ್ಲಿ ಕಲಸಿದಳು. ಬೆರಳಿಂದ ಅವನ ಒಸಡಿಗೆ ತಿಕ್ಕಿದೆ. ಬಾಯಿಗೆ ಸುರಿಯಬಾರದು, ಶ್ವಾಸಕ್ಕೆ ಹೋಗುತ್ತದೆ. ಐದು ನಿಮಿಷಕ್ಕೆ ತುಟಿ ನೆಕ್ಕಿದ. ಎದುರಿಗೆ ಇಟ್ಟ ಒಣ ಕಾಳನ್ನು (ಬಿಸಾಕದೆ ಇಟ್ಟಿದ್ದೆ, ಪುಣ್ಯ) ತಿಂದ. 15 ನಿಮಿಷಕ್ಕೆ 63. ಅರ್ಧ ಗಂಟೆಗೆ 84. ಡಾಕ್ಟರಿಗೆ ಫೋನು. ಬಯ್ಯಲಿಲ್ಲ, ಅದೇ ಹೆಚ್ಚು ನೋವಾಯಿತು. ರಾತ್ರಿ ಡೋಸ್ ಬೇಡ, ನಾಳೆಯಿಂದ 1ಕ್ಕೆ ವಾಪಸ್. ಲೋ ಆದಮೇಲೆ ಮೈ ತಾನೇ ಸಕ್ಕರೆ ಸುರಿಯುವುದುಂಟು, ನಾಳೆ ಬೆಳಿಗ್ಗೆ 300 ಬಂದರೆ ಮತ್ತೆ ಏರಿಸಬೇಡಿ ಅಂದರು. ಬೆಲ್ಲಕ್ಕಿಂತ ಗ್ಲೂಕೋಸ್ ಪುಡಿ ಬೇಗ ಹತ್ತುತ್ತದಂತೆ. ಸಕ್ಕರೆ ನಾಡಿನಲ್ಲಿ ಕೂತು ಗ್ಲೂಕೋಸ್ ಪುಡಿ ಹುಡುಕಿಕೊಂಡು ಅಂಗಡಿಗೆ ಹೋದೆ.

8ನೇ ತಾರೀಖು ಬೆಳಿಗ್ಗೆ 347. ಏರಿಸಲಿಲ್ಲ.

ಸೆಪ್ಟೆಂಬರ್ 19

ಅವ್ವನನ್ನು ಅವಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಮೀಟರ್ ಈಸಿಕೊಂಡು ಹಳೇ ನಂಬರ್ ಒತ್ತುತ್ತಾ ಹೋದರು. 142, 366, 168, 231, 48. ಅಲ್ಲಿ ನಿಂತರು. "ಏನಮ್ಮಾ ಇದು? 48ಕ್ಕೆ ಇಳಿದಾಗ ಯಾಕೆ ಬರಲಿಲ್ಲ?" ಅವ್ವ ತಲೆ ತಗ್ಗಿಸಿ, "ಅದು ನಂದಲ್ಲ ಡಾಕ್ಟ್ರೇ, ಬೆಕ್ಕಿಂದು" ಅಂದಳು. ಅವರು ನನ್ನ ಕಡೆ ನೋಡಿದರು. ನಾನು ಕ್ಯಾಲೆಂಡರ್ ಕಡೆ ನೋಡಿದೆ.

ಯಾವುದು ಯಾರದು ಅಂತ ಬೇರ್ಪಡಿಸಲು ಕೂತಾಗ ಇನ್ನೊಂದು ಬಯಲಾಯಿತು. ಎರಡು ತಿಂಗಳಲ್ಲಿ ಅವ್ವನದು ಆರೇ ಆರು ನಂಬರ್. ಮಿಕ್ಕಿದ್ದೆಲ್ಲ ಕೆಂಚನದು. ಅದೇ ಕಂಪನಿಯ ಇನ್ನೊಂದು ಮೀಟರ್ ತಂದೆ. ಸ್ಟ್ರಿಪ್ ಎರಡಕ್ಕೂ ಒಂದೇ.

ಅಕ್ಟೋಬರ್ 22, ಬಲಿಪಾಡ್ಯಮಿ

ಮೂರು ದಿನ ಪಟಾಕಿ. ಕೆಂಚ ಅಟ್ಟದ ಮೇಲೆ. 20ರ ರಾತ್ರಿ ಹೇಗೋ ಹಿಡಿದು ಇನ್ಸುಲಿನ್ ಚುಚ್ಚಿದೆ, ಕೂದಲು ಒದ್ದೆಯಾಗಿತ್ತು. ಒಳಗೆ ಎಷ್ಟು ಹೋಯಿತೋ. ಅನುಮಾನ ಇದ್ದಾಗ ಮತ್ತೆ ಹಾಕಬಾರದು, ಮುಂದಿನ ಹೊತ್ತಿಗೆ ಕಾಯಬೇಕು. ಕಾದೆ. 21ರ ಬೆಳಿಗ್ಗೆ 310. ಹಿಂದಿನ ವಾರ ಪೂರ್ತಿ 200ರ ಒಳಗಿದ್ದ. ನೋಟ್‌ಬುಕ್ಕಿನಲ್ಲಿ 310ರ ಪಕ್ಕ "ಪಟಾಕಿ" ಅಂತ ಬರೆದು ಸುಮ್ಮನಾದೆ. ಆಗಸ್ಟಿನಲ್ಲಾಗಿದ್ದರೆ ಅರ್ಧ ಯೂನಿಟ್ ಏರಿಸಿಬಿಡುತ್ತಿದ್ದೆ.

ನಿನ್ನೆ ರಾತ್ರಿ ಟ್ರಾನ್ಸ್‌ಫಾರ್ಮರ್ ಕೆಟ್ಟು ಬೆಳಗಿನವರೆಗೂ ಕರೆಂಟ್ ಇರಲಿಲ್ಲ. ತೆರೆದ ಗ್ಲಾರ್ಜಿನ್ 30 ಡಿಗ್ರಿ ಒಳಗಿದ್ದರೆ 28 ದಿನ ಹೊರಗೂ ಇರುತ್ತದೆ ಅಂತ ಪೊಟ್ಟಣದ ಮೇಲೇ ಇದೆ. ಆದರೂ ಮನಸ್ಸು ಕೇಳದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನೀರಿನ ಮಡಕೆಯ ಪಕ್ಕ ಒದ್ದೆ ಬಟ್ಟೆಯ ಮೇಲೆ ಇಟ್ಟೆ.

ನವೆಂಬರ್ 9, ಭಾನುವಾರ

ಹೋದ ಭಾನುವಾರದ ಕರ್ವ್: 178, 161, 133, 109, 96, 128, 154. ತೂಕ 5.2. ನೀರು 190 ಎಂಎಲ್. ಬಾಂಡ್ಲಿಗೆ ಇರುವೆ ಬರದೆ ತಿಂಗಳಾಯಿತು. ಹಿಂಗಾಲಿನ ಹಿಮ್ಮಡಿ ಎದ್ದಿದೆ, ಕಾಂಪೌಂಡ್ ಮಾತ್ರ ಇನ್ನೂ ಹಾರಲ್ಲ. ನಿಂತು ಅಳೆಯುತ್ತಾನೆ, ವಾಪಸ್ ಬರುತ್ತಾನೆ.

ಡೋಸ್ ಅರ್ಧ ಯೂನಿಟ್‌ಗೆ ಇಳಿದಿದೆ. ಬೇಗ ಹಿಡಿತಕ್ಕೆ ಸಿಕ್ಕ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಪೂರ್ತಿ ನಿಲ್ಲುವುದೂ ಉಂಟು, ಆದರೆ ಮತ್ತೆ ಮರುಕಳಿಸಲೂಬಹುದು, ನೋಡೋದು ಬಿಡಬೇಡಿ ಅಂದಿದ್ದಾರೆ ಡಾಕ್ಟರು. ಬೇಡ ಅಂದರೂ ಮನಸ್ಸು ಅಲ್ಲಿಗೇ ಹೋಗುತ್ತದೆ. ಇಳಿಸುವ ವಿಷಯದಲ್ಲೂ ನನಗೆ ಅದೇ ಆತುರ ಇದೆ, ಗೊತ್ತು. ಅದಕ್ಕೇ ಈಗ ನಂಬರ್ ನೋಡುವವನು ನಾನು, ಫೋನ್ ಮಾಡುವವಳು ಅವ್ವ.

ಇವತ್ತು ಮತ್ತೆ ಕರ್ವ್. ಏಳು ಸ್ಟ್ರಿಪ್ ಬೇಕು, ಡಬ್ಬಿಯಲ್ಲಿ ಎಂಟಿವೆ. ಎಂಟನೆಯದನ್ನು ಅವ್ವನ ಮೀಟರ್ ಪಕ್ಕ ಇಟ್ಟು ಬಂದಿದ್ದೇನೆ. ರಾಗಿ ಚೀಲ ತವಾ ಮೇಲಿದೆ. ಏಳಕ್ಕೆ ಇನ್ನು ನಾಲ್ಕು ನಿಮಿಷ, ಕೆಂಚ ಆಗಲೇ ಚಾಪೆ ಮೇಲೆ ಕೂತಿದ್ದಾನೆ. ಅವ್ವ ಇನ್ನೂ ಎದ್ದಿಲ್ಲ, ಅಥವಾ ಎದ್ದಿಲ್ಲ ಅಂತ ತೋರಿಸಿಕೊಳ್ಳುತ್ತಿದ್ದಾಳೆ.