ಕಾನೋದ ಮಣ್ಣಿನ ಗೋಡೆ

ಉತ್ತರ ನೈಜೀರಿಯಾದ ಕಾನೋಗೆ ಹೋದರೆ ಅಲ್ಲಿನ ಕೋಟೆಗೋಡೆ ನೋಡದೆ ಬರಬಾರದು ಅಂತ ಮೊದಲೇ ಅಂದುಕೊಂಡಿದ್ದೆ. ಊರಿನ ಹುಡುಗನೊಬ್ಬ ಜೊತೆಗೆ ಬಂದ. ಹತ್ತಿದ್ದು ನಮ್ಮ ಟಿವಿಎಸ್ ಆಟೋನೇ. ನಾನು ಭಾರತದವನು ಅಂತ ಗೊತ್ತಾದದ್ದೇ ತಡ, ಡ್ರೈವರ್ ಹಿಂದಿ ಸಿನಿಮಾ ಮಾತು ಶುರು ಮಾಡಿದ. ಆ ಊರಿಗೆ ಹಿಂದಿ ಸಿನಿಮಾದ ಹುಚ್ಚು ಬಹಳ ಹಳೆಯದು.

ಮೊದಲು ಸಿಕ್ಕಿದ್ದು ಒಂದು ಹೆಬ್ಬಾಗಿಲು. ಸಿಮೆಂಟಿನಲ್ಲಿ ಹೊಸದಾಗಿ ಕಟ್ಟಿ ಬಣ್ಣ ಬಳಿದಿದ್ದರು. ಚೆನ್ನಾಗಿತ್ತು, ಆದರೆ ನಾನು ಬಂದದ್ದು ಅದಕ್ಕಲ್ಲ. ಇನ್ನಷ್ಟು ನಡೆದೆವು. ಅಂಗಡಿ ಸಾಲಿನ ಹಿಂದೆ ಕೆಂಪು ಮಣ್ಣಿನ ದಿಬ್ಬ. "ಇದೇ ಗೋಡೆ" ಅಂದ ಹುಡುಗ.

ಹತ್ತಿರ ಹೋದೆ. ಮೇಲೆ ಮೆತ್ತಿದ್ದ ಮಣ್ಣು ಮಳೆಗೆ ಕಳಚಿ, ಒಳಗಿನ ಇಟ್ಟಿಗೆಗಳು ಹೊರಗೆ ಕಾಣುತ್ತಿದ್ದವು. ಅಲ್ಲಿನವರು ಈ ಇಟ್ಟಿಗೆಯನ್ನು ತುಬಾಲಿ ಅನ್ನುತ್ತಾರೆ. ಅದಕ್ಕೆ ಅಚ್ಚೂ ಇಲ್ಲ, ಭಟ್ಟಿಯೂ ಇಲ್ಲ. ಹುಲ್ಲು ಹಾಕಿ ಕಲಸಿದ ಮಣ್ಣನ್ನು ಕೈಯಲ್ಲೇ ಉಂಡೆ ಕಟ್ಟಿ, ಒಂದು ತುದಿ ಚೂಪು ಮಾಡಿ, ಬಿಸಿಲಿಗೆ ಒಣಗಿಸುವುದು. ಸಾಲಾಗಿ ಜೋಡಿಸಿ ನಡುವೆ ಕೆಸರು ತುಂಬುವುದು. ಒಂದನ್ನು ಮುಟ್ಟಿ ನೋಡಿದೆ. ಹುಲ್ಲಿನ ಎಳೆ ಇನ್ನೂ ಅಂಟಿಕೊಂಡಿತ್ತು.

ಈ ಗೋಡೆಯ ಕೆಲಸ ಶುರುವಾದದ್ದು 11ನೇ ಶತಮಾನದ ಕೊನೆಯಲ್ಲಿ ಪಟ್ಟಕ್ಕೆ ಬಂದ ಗಿಜಿಮಾಸು ರಾಜನ ಕಾಲದಲ್ಲಿ. ಮುಗಿದದ್ದು 14ನೇ ಶತಮಾನದಲ್ಲಿ. ಆಮೇಲೆ ಬಂದ ರಾಜ ಮುಹಮ್ಮದ್ ರುಂಫಾ ಗೋಡೆಯನ್ನು ಇನ್ನೂ ಬೆಳೆಸಿದ. ಊರಿನ ಹಳೇ ಕುರ್ಮಿ ಮಾರುಕಟ್ಟೆ ಶುರು ಮಾಡಿದವನೂ ಅವನೇ. ಗೋಡೆಯೊಳಗೆ ಹೊಲಗಳೂ ಇದ್ದವು. ಹೊರಗೆ ಶತ್ರು ಕೂತರೂ ಒಳಗಿನವರು ಉಪವಾಸ ಬೀಳುತ್ತಿರಲಿಲ್ಲ. 1903ರಲ್ಲಿ ಬ್ರಿಟಿಷರು ತೋಪು ಹಾರಿಸಿಯೇ ಒಳಗೆ ನುಗ್ಗಬೇಕಾಯಿತು.

ಮಣ್ಣಿನ ಗೋಡೆಗೆ ಮಳೆಗಾಲ ಮುಗಿದ ಮೇಲೆ ಮತ್ತೆ ಮೆತ್ತುವ ಕೈ ಬೇಕು. ಕಾವಲಿನ ಅಗತ್ಯ ಹೋಯಿತು, ಮೆತ್ತುವವರೂ ಕಡಿಮೆಯಾದರು. 1959ರಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದ್ದೂ ಆಯಿತು. ಆದರೂ ಮನೆ, ಅಂಗಡಿಗಳು ಗೋಡೆಯನ್ನು ಒತ್ತಿಕೊಂಡೇ ಬಂದಿವೆ. ನಾನು ನಿಂತ ಕಡೆ ಅಂಗಡಿಯೊಂದರ ಹಿಂಬದಿ ನೇರ ದಿಬ್ಬಕ್ಕೇ ಆತುಕೊಂಡಿತ್ತು. ನೋಡಿ ತುಂಬಾ ಸಂಕಟವಾಯಿತು.

ಸಂಜೆ ಕೋಫರ್ ಮಾತ ಅನ್ನುವ ಜಾಗಕ್ಕೆ ಹೋದೆವು. ಬಟ್ಟೆಗೆ ನೀಲಿ ಬಣ್ಣ ಹಾಕುವ ಅಲ್ಲಿನ ಹೊಂಡಗಳಿಗೆ 500 ವರ್ಷದ ಹೆಸರಿದೆ, ಇವತ್ತಿಗೂ ಬಟ್ಟೆ ಅದ್ದುತ್ತಾರೆ. ಅಪ್ಪನಿಂದ ಮಗ ಕಲಿತ ಕೆಲಸ ಅದು. ಅದ್ದಿ, ಎತ್ತಿ, ಗಾಳಿಗೆ ಹಿಡಿದು ಮತ್ತೆ ಅದ್ದುವುದನ್ನು ನೋಡುತ್ತಾ ಕೇಳಿದೆ, "ಗೋಡೆ ಮೆತ್ತುವವರು ಯಾರೂ ಇಲ್ವಾ?" ಇದ್ದಾರೆ ಅಂದ ಹುಡುಗ. ಮಣ್ಣಿನ ಮನೆ ಕಟ್ಟುವ ಮೇಸ್ತ್ರಿಗಳು ಹಳೇ ಪೇಟೆಯಲ್ಲೇ ಸಿಗುತ್ತಾರಂತೆ. ಹಾಗಾದರೆ ಉಳಿದಿರುವ ಗೋಡೆಯ ಕೆಲಸ ಸಿಮೆಂಟಿನವರಿಗೆ ಯಾಕೆ, ಅವರಿಗೇ ಕೊಡಬಹುದಲ್ವಾ?